ಆಡುವ ನಾಲಿಗೆ, ಆಲಿಸುವ ಕಿವಿ

ಕೆಲವು ವರ್ಷಗಳ ಹಿಂದೆ ನಮ್ಮ ಧರ್ಮಕೇಂದ್ರದ ಭಾನುವಾರದ ಬಲಿಪೂಜೆಯಲ್ಲಿ, ಹಳೆಯ ಮೈಸೂರು ಸೀಮೆಯಿಂದ ಬಂದು ನೆಲೆಸಿದ್ದ ಯುವಕನೊಬ್ಬನು ವಾಚನಕ್ಕೆ ನಿಂತನು. ಆಕಾಶದಲ್ಲಿ ಹಾರುವ ‘ಹಕ್ಕಿ’ಯು ಅವನ ಬಾಯಲ್ಲಿ ‘ಅಕ್ಕಿ’ಯಾಯಿತು. ಹಿಂದಿನ ಸಾಲುಗಳಲ್ಲಿ ನಗೆ ಎದ್ದಿತು. ಅಕ್ಕಿಗೆ ರೆಕ್ಕೆಯಿಲ್ಲವೆಂಬುದು ನಕ್ಕವರಿಗೂ ಗೊತ್ತಿತ್ತು; ಅರ್ಥವು ಯಾರಿಗೂ ತಪ್ಪಿರಲಿಲ್ಲ. ಪೀಠದ ಬಳಿಯೇ ಇದ್ದ ನಾವು ಆ ನಗೆಯನ್ನು ತಡೆಯಲಿಲ್ಲ. ಆ ಯುವಕನು ಮತ್ತೆಂದೂ ವಾಚನಕ್ಕೆ ಬರಲಿಲ್ಲ.

ಆ ಸೀಮೆಯ ಹಲವೆಡೆ ಆಡುಮಾತಿನಲ್ಲಿ ಪದದ ಮೊದಲ ಹಕಾರವು ಬಿದ್ದುಹೋಗುತ್ತದೆ. ಅದು ಅಜ್ಞಾನವಲ್ಲ, ಆ ನುಡಿಯ ನಿಯಮ. ಹಳಗನ್ನಡದಲ್ಲಿ ಹಕ್ಕಿಯು ‘ಪಕ್ಕಿ’ಯಾಗಿತ್ತು, ಹಾಲು ‘ಪಾಲ್’ ಆಗಿತ್ತು. ಪಕಾರವು ಹಕಾರವಾದುದನ್ನು ಶುದ್ಧವೆಂದು ಒಪ್ಪುವ ನಾವು, ಅದು ಇನ್ನೊಂದು ಹೆಜ್ಜೆ ಮುಂದಿಟ್ಟರೆ ನಗುವುದೇಕೆ?

ಉಚ್ಚಾರಭೇದವು ನಗೆಗಿಂತ ಘೋರವಾದುದಕ್ಕೂ ಕಾರಣವಾದುದುಂಟು. ನ್ಯಾಯಸ್ಥಾಪಕರ ಗ್ರಂಥದ 12ನೇ ಅಧ್ಯಾಯದಲ್ಲಿ, ಗಿಲ್ಯಾದಿನವರು ಜೋರ್ಡನ್ ನದಿಯ ಹಾಯ್ಗಡಗಳಲ್ಲಿ ನಿಂತು, ದಾಟಲು ಬಂದವರಿಂದ ‘ಷಿಬ್ಬೋಲೆತ್’ ಎಂದು ಹೇಳಿಸಿದರು. ‘ಸಿಬ್ಬೋಲೆತ್’ ಎಂದ ಎಫ್ರಯಿಮನು ಅಲ್ಲಿಯೇ ಹತನಾದನು. ಆ ಕಾಲದಲ್ಲಿ ಮಡಿದ ಎಫ್ರಯಿಮರ ಸಂಖ್ಯೆ 42,000 ಎನ್ನುತ್ತದೆ ಗ್ರಂಥ. ಪ್ರಧಾನ ಯಾಜಕನ ಅಂಗಳದಲ್ಲಿ ಪೇತ್ರನನ್ನು ಗುರುತು ಹಿಡಿದುಕೊಟ್ಟದ್ದೂ ಅವನ ಮಾತಿನ ಧಾಟಿಯೇ.

ದೋಷವು ಸದಾ ಆಡುವವನ ನಾಲಿಗೆಯಲ್ಲಿಯೇ ಇರುವುದೇ? ಅಮೆರಿಕದ ವಿದ್ವಾಂಸ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಬೇರೆಯದೇ ಉತ್ತರ ಕೊಡುತ್ತದೆ. ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಮಾತೃಭಾಷೆಯವರ ಒಂದೇ ಧ್ವನಿಮುದ್ರಿತ ಉಪನ್ಯಾಸವನ್ನು ಕೇಳಿಸಿ, ಕೆಲವರಿಗೆ ಬಿಳಿಯ ಮಹಿಳೆಯ ಭಾವಚಿತ್ರವನ್ನು, ಉಳಿದವರಿಗೆ ಏಷ್ಯಾದ ಮಹಿಳೆಯ ಭಾವಚಿತ್ರವನ್ನು ತೋರಿಸಲಾಯಿತು. ಎರಡನೆಯವರು ಉಪನ್ಯಾಸವನ್ನು ಕಡಿಮೆ ಗ್ರಹಿಸಿದರು. ಧ್ವನಿ ಬದಲಾಗಿರಲಿಲ್ಲ, ಕಣ್ಣು ಕಂಡುದನ್ನು ಕಿವಿ ನಂಬಿತ್ತು. ಸ್ವೀಕೃತವಾದುದು ಸ್ವೀಕರಿಸುವವನ ರೀತಿಗೆ ತಕ್ಕಂತೆ ಇರುತ್ತದೆಂಬ ಸಂತ ತೋಮಸ್ ಅಕ್ವಿನಾಸರ ತತ್ತ್ವವನ್ನು ಗುರುಮಠದಲ್ಲಿ ಓದಿದ್ದೆವು. ಅದು ಕಿವಿಗೂ ಅನ್ವಯಿಸುತ್ತದೆಂದು ತಿಳಿಯಲು ಬಹಳ ಕಾಲ ಹಿಡಿಯಿತು.

ಸಮಾಧಾನದ ಸಂಗತಿಯೂ ಉಂಟು. ಅಪರಿಚಿತ ಧಾಟಿಗೆ ಮೊದಲು ತಡವರಿಸುವ ಕಿವಿಯು ಸುಮಾರು ಒಂದು ನಿಮಿಷದೊಳಗೆ ಹೊಂದಿಕೊಳ್ಳತೊಡಗುತ್ತದೆಂದು ಕ್ಲಾರ್ಕ್ ಮತ್ತು ಗ್ಯಾರೆಟ್ ಎಂಬ ಸಂಶೋಧಕರು 2004ರಲ್ಲಿ ತೋರಿಸಿದರು. ಹೊರ ರಾಜ್ಯದಿಂದ ಬಂದ ದಾದಿಯಾಗಲಿ, ಕಟ್ಟಡದ ಕೂಲಿಯಾಗಲಿ, ನಮ್ಮ ಭಾಷೆಯಲ್ಲಿ ತೊದಲಿದಾಗ ಕೇಳುವುದು ಅಷ್ಟನ್ನೇ.

ಆ ಒಂದು ನಿಮಿಷವನ್ನು ಅಂದು ನಾವು ಆ ಯುವಕನಿಗೆ ಕೊಡಲಿಲ್ಲ. ವಾಚಕರಾದರೂ ಕೊಡುವಂತಾಗಲಿ.