ನೂರು ದಿನ ಯಾರಿಗೆ? ಉದ್ಯೋಗ ಚೀಟಿಯಲ್ಲಿ ‘ಕುಟುಂಬ’ ಎಂಬುದರ ಅರ್ಥ



“ನಮ್ಮ ಮನೆಯಲ್ಲಿ ದುಡಿಯುವವರು ಐವರು, ಪಕ್ಕದ ಮನೆಯಲ್ಲಿ ಇಬ್ಬರೇ. ಎರಡೂ ಮನೆಗೆ ನೂರೇ ದಿನ ಏಕೆ?” ಎಂಬ ಪ್ರಶ್ನೆ ವಾರ್ಡ್ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಪ್ರಶ್ನೆ ನ್ಯಾಯವಾದುದೇ. ಇದಕ್ಕೆ ಉತ್ತರಿಸಲು ಕಾಯ್ದೆಯ ಲೆಕ್ಕ ತಿಳಿದಿರಬೇಕು.

2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಅಧಿನಿಯಮವು ಒಂದು ಆರ್ಥಿಕ ವರ್ಷದಲ್ಲಿ 100 ದಿನಗಳ ಕೆಲಸವನ್ನು ವ್ಯಕ್ತಿಗಲ್ಲ, ಕುಟುಂಬಕ್ಕೆ ಖಾತರಿಪಡಿಸಿತು. 2024–25ರ ದಿನಗೂಲಿ 349 ರೂಪಾಯಿಯಂತೆ ಒಂದು ಕುಟುಂಬಕ್ಕೆ ದೊರೆಯುತ್ತಿದ್ದುದು 34,900 ರೂಪಾಯಿ. ಇಬ್ಬರು ದುಡಿಯುವ ಮನೆಯಲ್ಲಿ ತಲಾ 17,450. ಐವರಿರುವಲ್ಲಿ ತಲಾ 6,980. ಅರ್ಜಿ ಸಲ್ಲಿಸಿದ 15 ದಿನಗಳೊಳಗೆ ಕೆಲಸ ನೀಡದಿದ್ದರೆ ನಿರುದ್ಯೋಗ ಭತ್ಯೆ ಸಲ್ಲಬೇಕು: ಮೊದಲ 30 ದಿನಗಳಿಗೆ ಕೂಲಿಯ ಕಾಲು ಭಾಗಕ್ಕೆ, ನಂತರದ ಅವಧಿಗೆ ಅರ್ಧಕ್ಕೆ ಕಡಿಮೆಯಿಲ್ಲದಂತೆ. ಇದೂ ಆ ಅಧಿನಿಯಮದಲ್ಲಿ ಕುಟುಂಬದ ನೂರು ದಿನಗಳ ಮಿತಿಗೆ ಒಳಪಟ್ಟಿತ್ತು.

ರಾಜ್ಯದ ಯುವನಿಧಿ ಯೋಜನೆಯ ಅಳತೆ ಬೇರೆ. ಅಲ್ಲಿ ಅರ್ಹ ನಿರುದ್ಯೋಗಿ ಪದವೀಧರರಿಗೆ ಮಾಸಿಕ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ ಗರಿಷ್ಠ ಎರಡು ವರ್ಷ ದೊರೆಯುತ್ತದೆ; ಲೆಕ್ಕ ವ್ಯಕ್ತಿಯದು. ಒಂದೇ ಮನೆಯ ಇಬ್ಬರು ಪದವೀಧರರು ಇಬ್ಬರಾಗಿಯೇ ಎಣಿಕೆಯಾಗುತ್ತಾರೆ. ಒಂದೇ ಮನೆಯ ಐವರು ಕೂಲಿಕಾರರು ಒಂದಾಗಿ ಎಣಿಕೆಯಾಗುತ್ತಾರೆ. ಈ ವ್ಯತ್ಯಾಸವನ್ನು ಬದಲಿಸುವ ಅಧಿಕಾರ ಗ್ರಾಮ ಪಂಚಾಯತಿಗಿಲ್ಲ. ಆದರೆ ಕುಟುಂಬ ಯಾವುದೆಂದು ಸರಿಯಾಗಿ ಗುರುತಿಸಿ ಉದ್ಯೋಗ ಚೀಟಿ ನೀಡುವ ಹೊಣೆ ನಮ್ಮದೇ.

ಅಧಿನಿಯಮದ ಪ್ರಕಾರ ರಕ್ತಸಂಬಂಧ, ವಿವಾಹ ಅಥವಾ ದತ್ತು ಸಂಬಂಧದಿಂದ ಕೂಡಿ, ಸಾಮಾನ್ಯವಾಗಿ ಒಟ್ಟಿಗೆ ವಾಸಿಸುತ್ತ, ಒಟ್ಟಿಗೆ ಊಟ ಮಾಡುವ ಅಥವಾ ಒಂದೇ ಪಡಿತರ ಚೀಟಿ ಹೊಂದಿರುವವರು ಒಂದು ಕುಟುಂಬ. ಇದರಂತೆ ಮೂರು ಸಂದರ್ಭಗಳನ್ನು ಗಮನಿಸಬಹುದು.

ಮೊದಲನೆಯದು: ಸೂರು ಒಂದೇ, ಒಲೆ ಬೇರೆ. ಅಣ್ಣತಮ್ಮಂದಿರು ಬೇರೆ ಬೇರೆ ಅಡುಗೆ ಮಾಡಿಕೊಂಡು, ಪ್ರತ್ಯೇಕ ಪಡಿತರ ಚೀಟಿ ಹೊಂದಿದ್ದರೆ ಅವರು ಎರಡು ಕುಟುಂಬ. ಮನೆಯ ಸಂಖ್ಯೆ ಒಂದೇ ಎಂಬ ಕಾರಣಕ್ಕೆ ಎರಡನೆಯ ಉದ್ಯೋಗ ಚೀಟಿಯನ್ನು ನಿರಾಕರಿಸುವಂತಿಲ್ಲ. ಪಡಿತರ ಚೀಟಿ ಇನ್ನೂ ಜಂಟಿಯಾಗಿದ್ದರೆ ಮೊದಲು ಅದನ್ನು ವಿಂಗಡಿಸಿಕೊಳ್ಳಲು ತಿಳಿಸಬೇಕು.

ಎರಡನೆಯದು: ಪತಿಯನ್ನು ಕಳೆದುಕೊಂಡು ಅಥವಾ ಪತಿಯಿಂದ ದೂರವಾಗಿ ತವರಿಗೆ ಮರಳಿದ ಮಹಿಳೆ. ಆಕೆಯ ಹೆಸರು ಗಂಡನ ಮನೆಯ ಚೀಟಿಯಲ್ಲಿಯೇ ಉಳಿದು, ಇಲ್ಲಿ ಕೆಲಸ ಕೇಳಲಾಗದ ಸ್ಥಿತಿ ಇರುತ್ತದೆ. ಅಲ್ಲಿಂದ ಹೆಸರು ತೆಗೆಸಿ, ಪ್ರತ್ಯೇಕವಾಗಿ ಜೀವಿಸುತ್ತಿದ್ದರೆ ಹೊಸ ಚೀಟಿ ಕೊಡಿಸಬೇಕು. ತವರಿನವರೊಂದಿಗೆ ಉಣ್ಣುತ್ತಿದ್ದರೆ ಅವರ ಚೀಟಿಗೆ ಸೇರಿಸಿ, ಆಕೆಯ ಕೂಲಿ ಆಕೆಯ ಖಾತೆಗೇ ಜಮೆಯಾಗುವಂತೆ ನೋಡಿಕೊಳ್ಳಬೇಕು.

ಮೂರನೆಯದು: ಕೂಡಿ ಬಾಳುತ್ತಿದ್ದರೂ ಕಾಗದದಲ್ಲಿ ಮಾತ್ರ ಬೇರೆಯಾದವರು. ಇಂಥವರಿಗೆ ಎರಡು ಚೀಟಿ ನೀಡಿದರೆ ನಿಯಮದಂತೆ ಒಂದೇ ಚೀಟಿಯಲ್ಲಿರುವ ನೆರೆಯವರಿಗೆ ಅನ್ಯಾಯವಾಗುತ್ತದೆ.

ಯಾರ ಮನೆಯಲ್ಲಿ ಎಷ್ಟು ಒಲೆ ಉರಿಯುತ್ತದೆ ಎಂಬುದು ಕಚೇರಿಯ ಗಣಕಯಂತ್ರಕ್ಕೆ ತಿಳಿಯದು. ವಾರ್ಡಿನ ಸದಸ್ಯರಾದ ತಮಗೆ ತಿಳಿದಿರುತ್ತದೆ. ಆದ್ದರಿಂದ ಮುಂದಿನ ವಾರ್ಡ್ ಸಭೆಗೆ ಮುನ್ನ ಇಂಥ ಮನೆಗಳ ಪಟ್ಟಿಯನ್ನು ಸಿದ್ಧಪಡಿಸಿ ಸಭೆಯ ಮುಂದಿಡಬೇಕಾಗಿ ಕೋರಿದೆ. ನಮೂನೆ–6ರಲ್ಲಿ ಕೆಲಸ ಕೇಳಿದ ಪ್ರತಿಯೊಬ್ಬರೂ ದಿನಾಂಕ ನಮೂದಿಸಿದ ಸ್ವೀಕೃತಿ ರಸೀದಿ ಪಡೆದಿರುವರೇ ಎಂಬುದನ್ನೂ ಪರಿಶೀಲಿಸತಕ್ಕದ್ದು. ರಸೀದಿಯಿಲ್ಲದೆ 15 ದಿನಗಳ ಎಣಿಕೆ ಸಾಬೀತಾಗದು. ಆ ಎಣಿಕೆ ಇಲ್ಲದಿದ್ದರೆ ನಿರುದ್ಯೋಗ ಭತ್ಯೆಯ ಹಕ್ಕು ಕಾಯ್ದೆಯ ಪುಟದಲ್ಲಿಯೇ ಉಳಿಯುತ್ತದೆ.