ಕಲಿಸುವವರಿಗೂ ಕಲಿಕೆ ಬೇಕು

ವಿದ್ಯೆ ಇದ್ದವರೆಲ್ಲರೂ ವಿದ್ಯೆಯನ್ನು ಕೊಡಬಲ್ಲರೆಂಬ ನಂಬಿಕೆ ನಮ್ಮ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಗಣಿತದಲ್ಲಿ ಪದವಿ ಪಡೆದವರು ಗಣಿತವನ್ನು ಕಲಿಸಬಲ್ಲರು, ಶಸ್ತ್ರಚಿಕಿತ್ಸೆಯಲ್ಲಿ ನಿಪುಣರಾದವರು ಶಸ್ತ್ರಚಿಕಿತ್ಸಕರನ್ನು ರೂಪಿಸಬಲ್ಲರು ಎಂದು ನಾವು ಸಹಜವಾಗಿ ಭಾವಿಸುತ್ತೇವೆ. ಶಾಲಾ ಶಿಕ್ಷಕರ ವಿಷಯದಲ್ಲಿ ಈ ನಂಬಿಕೆಗೆ ಒಂದಿಷ್ಟು ತಡೆಯಾದರೂ ಇದೆ, ಬಿ.ಎಡ್., ಡಿ.ಎಡ್. ಮುಂತಾದ ತರಬೇತಿಗಳನ್ನು ನಿಯಮಗಳು ಅಪೇಕ್ಷಿಸುತ್ತವೆ. ವೈದ್ಯಕೀಯ ಕಾಲೇಜುಗಳಲ್ಲಾದರೋ, ಸ್ನಾತಕೋತ್ತರ ಪದವಿ ಮುಗಿಸಿದ ವೈದ್ಯರು ಬೋಧನಾ ತರಬೇತಿಯ ಒಂದು ದಿನವನ್ನೂ ಕಾಣದೆ ತರಗತಿಗೆ ಕಾಲಿಡುವ ಪದ್ಧತಿ ದೀರ್ಘಕಾಲ ನಡೆದುಬಂದಿತು.

ಇದರಿಂದಾಗುವ ನಷ್ಟವನ್ನು ಭರಿಸುವವರು ಬೋಧಕರಲ್ಲ. ಭಾಗಾಕಾರ ಅರ್ಥವಾಗದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತ ಮಗು ಅದನ್ನು ಭರಿಸುತ್ತದೆ. ರೋಗಿಯ ಮಾತನ್ನು ಪೂರ್ತಿಯಾಗಿ ಕೇಳಿಸಿಕೊಳ್ಳುವುದನ್ನು ಯಾರಿಂದಲೂ ಕಲಿಯದ ಕಿರಿಯ ವೈದ್ಯರ ಮುಂದೆ, ಆಸ್ಪತ್ರೆಯ ಮಂಚದ ಮೇಲೆ ಮಲಗಿರುವ ವೃದ್ಧೆ ಅದನ್ನು ಭರಿಸುತ್ತಾಳೆ. ಆದುದರಿಂದ ಬೋಧಕರ ವೃತ್ತಿಪರ ಬೆಳವಣಿಗೆ ಎಂಬುದು ಕೇವಲ ಬಡ್ತಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ.

ಹಳೆಯದೊಂದು ಹೋಲಿಕೆ

ಹದಿಮೂರನೆಯ ಶತಮಾನದಲ್ಲಿ ಪ್ಯಾರಿಸ್ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಸಂತ ಥಾಮಸ್ ಅಕ್ವಿನಾಸರು ಸತ್ಯವನ್ನು ಕುರಿತ ತಮ್ಮ ಚರ್ಚಾಗ್ರಂಥದ ಹನ್ನೊಂದನೆಯ ಪ್ರಶ್ನೆಯಲ್ಲಿ ಗುರುವಿನ ಕೆಲಸವೇನೆಂದು ವಿಚಾರಿಸುತ್ತಾರೆ. ಅಲ್ಲಿ ಅವರು ಬಳಸುವ ಹೋಲಿಕೆ ವೈದ್ಯನದು. ರೋಗಿಯ ದೇಹದಲ್ಲಿ ಗುಣವಾಗುವ ಶಕ್ತಿ ಪ್ರಕೃತಿದತ್ತವಾಗಿಯೇ ಇದೆ. ವೈದ್ಯನು ಔಷಧದ ಮೂಲಕ ಆ ಶಕ್ತಿಗೆ ನೆರವಾಗುತ್ತಾನೆ. ಹಾಗೆಯೇ ವಿದ್ಯಾರ್ಥಿಯಲ್ಲಿ ಸಹಜವಾದ ವಿವೇಕವಿದೆ. ಗುರುವು ಅದಕ್ಕೆ ನೆರವಾಗುತ್ತಾನೆಯೇ ಹೊರತು ತನ್ನ ಜ್ಞಾನವನ್ನು ಕೊಡದಿಂದ ಕೊಡಕ್ಕೆ ನೀರು ಸುರಿದಂತೆ ಸುರಿಯಲಾರನು.

ಈ ಹೋಲಿಕೆಯಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದು, ಔಷಧಗಳ ಹೆಸರು ಬಲ್ಲವನು ವೈದ್ಯನಾಗದಂತೆ, ವಿಷಯವನ್ನು ಬಲ್ಲವನು ಅಷ್ಟರಿಂದಲೇ ಗುರುವಾಗುವುದಿಲ್ಲ. ಕಲಿಯುವವನ ಮನಸ್ಸು ಎಲ್ಲಿ ಎಡವುತ್ತಿದೆ ಎಂದು ಗುರುತಿಸುವ ಕಣ್ಣು ಅವನಿಗೆ ಬೇಕು. ಎರಡನೆಯದನ್ನು ನಾವು ಸುಲಭವಾಗಿ ಮರೆಯುತ್ತೇವೆ. ತರಬೇತಿಗೆ ಬಂದು ಕುಳಿತ ಶಿಕ್ಷಕರೂ ಆ ಹೊತ್ತಿಗೆ ವಿದ್ಯಾರ್ಥಿಗಳೇ. ಅವರೊಳಗೂ ಏನನ್ನೂ ಸುರಿಯಲಾಗದು.

ವೈದ್ಯರು ಬೋಧನೆ ಕಲಿತ ಬಗೆ

1950ರ ದಶಕದ ನಡುವೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಜಾರ್ಜ್ ಮಿಲ್ಲರ್ ಎಂಬ ವೈದ್ಯರು, ಶಿಕ್ಷಣತಜ್ಞ ಸ್ಟೀಫನ್ ಅಬ್ರಹಾಮ್ಸನ್ ಮುಂತಾದವರ ಜೊತೆಗೂಡಿ, ವೈದ್ಯಕೀಯ ಬೋಧಕರಿಗೆ ಬೋಧನೆಯನ್ನು ಕಲಿಸುವ ಯೋಜನೆಯೊಂದನ್ನು ಕೈಗೊಂಡರು. ವೈದ್ಯರು ಶಿಕ್ಷಣಶಾಸ್ತ್ರದವರಿಂದ ಕಲಿಯುವುದೆಂದರೆ ಅಂದಿಗೆ ಸಣ್ಣ ಮಾತಾಗಿರಲಿಲ್ಲ. ಇದೇ ಮಿಲ್ಲರ್ 1990ರಲ್ಲಿ ವೈದ್ಯನ ಸಾಮರ್ಥ್ಯವನ್ನು ನಾಲ್ಕು ಹಂತಗಳ ಪಿರಮಿಡ್ಡಿನಂತೆ ಚಿತ್ರಿಸಿದರು: ತಿಳಿದಿರುವುದು, ಹೇಗೆ ಮಾಡಬೇಕೆಂದು ತಿಳಿದಿರುವುದು, ಮಾಡಿ ತೋರಿಸುವುದು, ಕೊನೆಗೆ ನಿತ್ಯದ ಕೆಲಸದಲ್ಲಿ ನಿಜವಾಗಿ ಮಾಡುವುದು. ಲಿಖಿತ ಪರೀಕ್ಷೆ ಅಳೆಯುವುದು ಕೆಳಗಿನ ಹಂತಗಳನ್ನು. ರೋಗಿಗೆ ಬೇಕಾದುದು ತುದಿಯ ಹಂತ.

ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಪಾಂಡಿಚೇರಿಯ ಜಿಪ್‌ಮರ್ ಸಂಸ್ಥೆಯಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ, ವೈದ್ಯಕೀಯ ಬೋಧಕರ ತರಬೇತಿಗೆಂದೇ ರಾಷ್ಟ್ರೀಯ ಕೇಂದ್ರವೊಂದು ತೆರೆಯಿತು. ಮುಂದೆ ಕಾಲೇಜುಗಳಲ್ಲಿ ವೈದ್ಯಕೀಯ ಶಿಕ್ಷಣ ಘಟಕಗಳು ಹುಟ್ಟಿಕೊಂಡವು. ಈ ತರಬೇತಿಗಳಲ್ಲಿ ಹಲವು ಕಡೆ ಬಳಕೆಯಲ್ಲಿರುವ ಒಂದು ಕ್ರಮ, 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶಾಲಾ ಶಿಕ್ಷಕರಿಗಾಗಿ ರೂಪುಗೊಂಡ ಸೂಕ್ಷ್ಮಬೋಧನೆ. ಬೋಧಕರು ಕೆಲವೇ ನಿಮಿಷಗಳ ಪಾಠ ಮಾಡುತ್ತಾರೆ, ಸಹೋದ್ಯೋಗಿಗಳು ನೋಡುತ್ತಾರೆ, ಚೆನ್ನಾಗಿದ್ದುದನ್ನೂ ತಿದ್ದಬೇಕಾದುದನ್ನೂ ಹೇಳುತ್ತಾರೆ, ಅದೇ ಪಾಠ ಮತ್ತೊಮ್ಮೆ ನಡೆಯುತ್ತದೆ. ಇಪ್ಪತ್ತು ವರ್ಷ ಅನುಭವವುಳ್ಳ ಪ್ರಾಧ್ಯಾಪಕರು ತಮಗಿಂತ ಕಿರಿಯರಿಂದ ತಮ್ಮ ಬೋಧನೆಯ ಗುಣದೋಷಗಳನ್ನು ಕೇಳಿಸಿಕೊಳ್ಳುವುದು ವಿನಯದ ಪಾಠವೂ ಹೌದು.

2019ರಲ್ಲಿ ಎಂ.ಬಿ.ಬಿ.ಎಸ್. ಸೇರಿದ ವಿದ್ಯಾರ್ಥಿಗಳಿಂದ ಮೊದಲುಗೊಂಡು ಸಾಮರ್ಥ್ಯಾಧಾರಿತ ಪಠ್ಯಕ್ರಮ ಜಾರಿಗೆ ಬಂದಿತು. ಮನೋಭಾವ, ನೀತಿ ಮತ್ತು ಸಂವಹನಗಳ ಬೋಧನೆಗೂ ಅದರಲ್ಲಿ ಸ್ಥಾನ ದೊರೆಯಿತು. ನಮ್ಮ ಧರ್ಮಸಭೆಯ ಆಶ್ರಯದಲ್ಲಿ 1963ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಂಥ ಸಂಸ್ಥೆಗಳಿಗೆ ವೈದ್ಯಕೀಯ ನೀತಿಯ ಬೋಧನೆ ಹೊಸದೇನಲ್ಲ. ಆದರೆ ಗುಣವಾಗದ ಕಾಯಿಲೆಯ ಸುದ್ದಿಯನ್ನು ರೋಗಿಗೆ ಹೇಗೆ ತಿಳಿಸಬೇಕೆಂದು ತಾವೇ ಯಾರಿಂದಲೂ ಕಲಿಯದ ಬೋಧಕರು ಅದನ್ನು ಇತರರಿಗೆ ಕಲಿಸುವುದಾದರೂ ಹೇಗೆ? ಪಠ್ಯಕ್ರಮ ಬದಲಾದ ದಿನವೇ ಬೋಧಕರು ಬದಲಾಗಿಬಿಡುವುದಿಲ್ಲ. ಆ ಅಂತರವನ್ನು ತುಂಬುವುದೇ ತರಬೇತಿಯ ಕೆಲಸ.

ಶಾಲೆಗಳ ಅನುಭವ

ಶಾಲಾ ಶಿಕ್ಷಕರ ತರಬೇತಿಯ ಕುರಿತು ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ಸಂಶೋಧಕರು 1980ರಲ್ಲಿ ಪ್ರಕಟಿಸಿದ ವಿಮರ್ಶೆ ಇಂದಿಗೂ ಓದತಕ್ಕದ್ದು. ಹೊಸ ಬೋಧನಾ ಕ್ರಮವನ್ನು ಉಪನ್ಯಾಸದಲ್ಲಿ ವಿವರಿಸಿದರೆ ಸಾಲದು. ಮಾಡಿ ತೋರಿಸಬೇಕು, ಶಿಕ್ಷಕರಿಂದ ಅಭ್ಯಾಸ ಮಾಡಿಸಬೇಕು, ತಿದ್ದಿ ಹೇಳಬೇಕು, ಅವರು ತಮ್ಮ ತರಗತಿಗೆ ಹಿಂದಿರುಗಿದ ಮೇಲೂ ಜೊತೆಗಿರಬೇಕು ಎಂಬುದು ಅವರ ವಾದದ ಸಾರ. ನಮ್ಮಲ್ಲಾದರೋ, ಉಪನ್ಯಾಸ ಪದ್ಧತಿಯನ್ನು ಬಿಡಬೇಕೆಂಬ ವಿಷಯದ ಮೇಲೆಯೇ ದಿನವಿಡೀ ಉಪನ್ಯಾಸ ಕೊಡುವ ತರಬೇತಿಗಳು ಅಪರೂಪವಲ್ಲ. ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆ ಇಲ್ಲಿ ಸಲ್ಲುತ್ತದೆ.

ಬೇರೆ ದಾರಿ ಇದೆಯೆಂಬುದಕ್ಕೆ ದೂರದ ಸಾಕ್ಷಿ ಬೇಕಾಗಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು 1990ರ ದಶಕದ ಮಧ್ಯದಲ್ಲಿ ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ಕಾರ್ಡುಗಳ ನೆರವಿನಿಂದ ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಣ್ಣಾರೆ ಕಂಡರು. ಹಿಂದಿರುಗಿ ತಾವೇ ಕುಳಿತು ಕನ್ನಡದಲ್ಲಿ ಕಾರ್ಡುಗಳನ್ನು ರಚಿಸಿದರು. 1995ರಲ್ಲಿ ಯುನಿಸೆಫ್ ನೆರವಿನೊಡನೆ ಮೊದಲಾದ ಆ ಪ್ರಯತ್ನವೇ ಇಂದು ನಾಡಿಗೆಲ್ಲ ಪರಿಚಿತವಾದ ನಲಿ-ಕಲಿ. ಅದು ಬಳಿಕ ರಾಜ್ಯದಾದ್ಯಂತ ಹರಡಿತು. ಆದರೆ ಕಾರ್ಡುಗಳನ್ನು ರಚಿಸಿದ ಶಿಕ್ಷಕರಲ್ಲಿದ್ದ ಒಲವು, ಸಿದ್ಧ ಕಾರ್ಡುಗಳನ್ನು ಪಡೆದವರಲ್ಲಿಯೂ ತಾನಾಗಿ ಮೂಡೀತೆಂದು ನಿರೀಕ್ಷಿಸಲಾಗದು. ಪ್ರತಿಯೊಬ್ಬ ಶಿಕ್ಷಕನೂ ಶಿಕ್ಷಕಿಯೂ ಕಂಡು, ಮಾಡಿ, ತಿದ್ದಿಕೊಂಡೇ ಅದನ್ನು ತಮ್ಮದಾಗಿಸಿಕೊಳ್ಳಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿಪರ ಬೆಳವಣಿಗೆಯಲ್ಲಿ ತೊಡಗಬೇಕೆಂದು ಹೇಳುತ್ತದೆ. 50 ಗಂಟೆಗಳೆಂದರೆ ಏಳೆಂಟು ಶಾಲಾ ದಿನಗಳು, ಅಷ್ಟೇನೂ ಹೆಚ್ಚಲ್ಲ. ಆದರೆ ಗಂಟೆಗಳನ್ನು ಎಣಿಸುವುದು ಸುಲಭ, ಅವುಗಳಿಗೆ ಜೀವ ತುಂಬುವುದು ಕಷ್ಟ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಪ್ರಮಾಣಪತ್ರ ಪಡೆದು, ಮರುದಿನ ಹಳೆಯ ಟಿಪ್ಪಣಿಯನ್ನೇ ಓದಿಸಿದರೆ ಗಂಟೆಗಳು ಸಂದವು, ಕಲಿಕೆ ಸಲ್ಲಲಿಲ್ಲ.

ನಮ್ಮ ಪಾಲಿನ ಕರ್ತವ್ಯ

ನಮ್ಮ ಅನೇಕ ಕುಟುಂಬಗಳಲ್ಲಿ ಶಿಕ್ಷಕಿಯರಿದ್ದಾರೆ, ದಾದಿಯರಿದ್ದಾರೆ, ವೈದ್ಯರಿದ್ದಾರೆ. ಶಾಲೆ ನಡೆಸುವ ಹೊಣೆಯೂ ನಮ್ಮ ಸಮುದಾಯದ ಮೇಲಿದೆ. ಹೀಗಿರುವಾಗ ಕೆಲವು ಮಾತುಗಳನ್ನು ನೇರವಾಗಿ ಆಡಬೇಕಾಗುತ್ತದೆ.

ಶಿಕ್ಷಕರು ತರಬೇತಿಗೆ ಹೋದ ದಿನ ಪಾಠ ನಡೆಯಲಿಲ್ಲವೆಂದು ಪೋಷಕರು ಗೊಣಗುವುದುಂಟು. ಕೊಡಲಿಯನ್ನು ಮಸೆಯುವ ಹೊತ್ತು ಸೌದೆ ಒಡೆಯುವ ಕೆಲಸದ್ದೇ ಭಾಗವೆಂಬುದು ರೈತರಿಗೆ ಗೊತ್ತು. ಆಡಳಿತ ಮಂಡಳಿಗಳು ಕಟ್ಟಡಕ್ಕೆ ಹಣ ಕೂಡಿಸುತ್ತವೆ, ಕಂಪ್ಯೂಟರಿಗೆ ಕೂಡಿಸುತ್ತವೆ. ಶಿಕ್ಷಕರ ಕಲಿಕೆಗೆ ಮಾತ್ರ ಅವರ ರಜಾದಿನವನ್ನೇ ಕೇಳುತ್ತವೆ. ಮನೆಯ ಅಡುಗೆ, ಮಕ್ಕಳು, ಉತ್ತರಪತ್ರಿಕೆಗಳ ಕಟ್ಟು ಇವೆಲ್ಲವನ್ನೂ ಹೊತ್ತ ಶಿಕ್ಷಕಿಯ ಭಾನುವಾರವನ್ನು ಕಿತ್ತುಕೊಂಡು ಉತ್ಸಾಹವನ್ನು ನಿರೀಕ್ಷಿಸುವುದು ಯುಕ್ತವಲ್ಲ.

ಹಣವಿಲ್ಲದ ಶಾಲೆಯೂ ಮಾಡಬಹುದಾದ ಒಂದು ಕೆಲಸವನ್ನು ಜಪಾನಿನ ಶಿಕ್ಷಕರು ತಲೆಮಾರುಗಳಿಂದ ಮಾಡುತ್ತ ಬಂದಿದ್ದಾರೆ. ಕೆಲವು ಶಿಕ್ಷಕರು ಸೇರಿ ಒಂದು ಪಾಠವನ್ನು ಸಿದ್ಧಪಡಿಸುತ್ತಾರೆ. ಒಬ್ಬರು ಅದನ್ನು ಬೋಧಿಸುತ್ತಾರೆ. ಉಳಿದವರು ತರಗತಿಯಲ್ಲಿ ನಿಂತು ಮಕ್ಕಳು ಹೇಗೆ ಯೋಚಿಸುತ್ತಿದ್ದಾರೆಂಬುದನ್ನು ಗಮನಿಸುತ್ತಾರೆ. ಬಳಿಕ ಎಲ್ಲರೂ ಕೂಡಿ ಪಾಠವನ್ನು ತಿದ್ದುತ್ತಾರೆ. ಇದಕ್ಕೆ ಬೇಕಾದುದು ತಿಂಗಳಿಗೆ ಒಂದೆರಡು ಗಂಟೆಗಳ ಬಿಡುವು, ಮತ್ತು ಯಾರ ತಪ್ಪನ್ನೂ ಕಚೇರಿಯ ಕಡತಕ್ಕೆ ಸೇರಿಸದ ಮುಖ್ಯೋಪಾಧ್ಯಾಯರು. ಭಯವಿದ್ದಲ್ಲಿ ಯಾರೂ ತಮ್ಮ ತರಗತಿಯ ಬಾಗಿಲನ್ನು ತೆರೆದಿಡುವುದಿಲ್ಲ.

ಈ ವರ್ಷ ಶಾಲೆಯ ಪೋಷಕರ ಸಭೆ ಸೇರಿದಾಗ, ಫಲಿತಾಂಶದ ಶೇಕಡಾವಾರನ್ನು ಕೇಳುವುದರ ಜೊತೆಗೆ, ನಮ್ಮ ಶಿಕ್ಷಕರಿಗೆ ಕಲಿಯಲು ಎಷ್ಟು ಸಮಯ ಕೊಟ್ಟಿದ್ದೀರಿ ಎಂಬ ಪ್ರಶ್ನೆಯನ್ನೂ ಕೇಳೋಣ. ಉತ್ತರ ತೃಪ್ತಿಕರವಾಗಿರದಿದ್ದಲ್ಲಿ, ಆ ಸಮಯವನ್ನು ಹೊಂದಿಸಿಕೊಡಲು ನಾವೇನು ಮಾಡಬಲ್ಲೆವೆಂದು ವಿಚಾರಿಸೋಣ. ನಮ್ಮ ಮಕ್ಕಳೂ ನಮ್ಮ ರೋಗಿಗಳೂ ಅದಕ್ಕೆ ಹಕ್ಕುಳ್ಳವರು.