ಅಮೋನಿಯಾ ಶೀತಲಗೃಹಗಳಲ್ಲಿ ಜೋಡಿ ಸುರಕ್ಷತಾ ವಾಲ್ವ್: ವೆಚ್ಚವೋ, ಉಳಿತಾಯವೋ?

ಬ್ಯಾಡಗಿಯ ಮೆಣಸಿನಕಾಯಿ ದಾಸ್ತಾನಿನಿಂದ ಹಿಡಿದು ಕರಾವಳಿಯ ಮೀನುಗಾರಿಕೆಗೆ ಬೇಕಾದ ಮಂಜುಗಡ್ಡೆಯವರೆಗೆ ಅನೇಕ ವಹಿವಾಟುಗಳು ಶೈತ್ಯೀಕರಣವನ್ನು ಅವಲಂಬಿಸಿವೆ. ಇಂತಹ ಸ್ಥಾವರಗಳಲ್ಲಿ ಅಮೋನಿಯಾ ಅನಿಲದ ಬಳಕೆ ವ್ಯಾಪಕವಾಗಿದೆ. 40 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ದ್ರವ ಅಮೋನಿಯಾ ತುಂಬಿದ ರಿಸೀವರ್‌ನೊಳಗಿನ ಒತ್ತಡವು ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 15 ಕಿಲೋಗ್ರಾಂ ಇರುತ್ತದೆ. ಕಂಡೆನ್ಸರ್‌ಗೆ ನೀರು ನಿಂತರೆ, ವ್ಯವಸ್ಥೆಯೊಳಗೆ ಗಾಳಿ ಸೇರಿದರೆ ಅಥವಾ ಸಮೀಪದಲ್ಲಿ ಬೆಂಕಿ ಬಿದ್ದರೆ ಈ ಒತ್ತಡ ಇನ್ನಷ್ಟು ಏರುತ್ತದೆ. ಆಗ ತಾನಾಗಿ ತೆರೆದುಕೊಂಡು ಪಾತ್ರೆ ಸಿಡಿಯದಂತೆ ಕಾಯುವುದೇ ಸುರಕ್ಷತಾ ವಾಲ್ವ್.

ಒಂದೇ ವಾಲ್ವ್ ಇದ್ದಾಗಿನ ಇಕ್ಕಟ್ಟು

ಒಮ್ಮೆ ತೆರೆದುಕೊಂಡ ವಾಲ್ವ್ ಮತ್ತೆ ಬಿಗಿಯಾಗಿ ಕೂರುತ್ತದೆಂಬ ಭರವಸೆಯಿಲ್ಲ. ಕೊಳೆ ಅಥವಾ ತುಕ್ಕಿನ ಚೂರೊಂದು ಸೀಟಿನ ಮೇಲೆ ಸಿಕ್ಕಿಕೊಂಡರೂ ಅನಿಲ ಸೋರಲಾರಂಭಿಸುತ್ತದೆ. ಒಂದೇ ವಾಲ್ವ್ ಇರುವ ರಿಸೀವರ್‌ನಲ್ಲಿ ಅದನ್ನು ಬಿಚ್ಚಬೇಕಾದರೆ ಅಮೋನಿಯಾವನ್ನು ಬೇರೆಡೆಗೆ ಸಾಗಿಸಿ ಪಾತ್ರೆಯನ್ನು ಬರಿದು ಮಾಡಬೇಕು. ಅಷ್ಟು ಹೊತ್ತು ಶೈತ್ಯೀಕರಣ ನಿಲ್ಲುತ್ತದೆ. ಕೋಣೆಗಳಲ್ಲಿ ಪರರ ಸರಕು ಇರುವಾಗ ಮಾಲೀಕರು ಇದಕ್ಕೆ ಹಿಂಜರಿಯುವುದು ಸಹಜ. ಸ್ಪ್ರಿಂಗನ್ನು ಇನ್ನಷ್ಟು ಬಿಗಿಗೊಳಿಸುವ, ಹೊರಕೊಳವೆಗೆ ಬಿರಡೆ ಹಾಕುವ ಅಪಾಯಕಾರಿ ಉಪಾಯಗಳು ಹುಟ್ಟುವುದು ಇಂತಹ ಸಂದರ್ಭದಲ್ಲಿಯೇ. ಸೋರಿಕೆಯೇನೋ ನಿಲ್ಲುತ್ತದೆ, ಅದರೊಡನೆ ರಕ್ಷಣೆಯೂ ಇಲ್ಲವಾಗುತ್ತದೆ.

ಜೋಡಿ ವ್ಯವಸ್ಥೆಯ ಕಾರ್ಯವಿಧಾನ

ಇದಕ್ಕೆ ಪರಿಹಾರವೆಂದರೆ ತ್ರಿಮುಖ ವಾಲ್ವೊಂದರ ಮೇಲೆ ಎರಡು ಸುರಕ್ಷತಾ ವಾಲ್ವ್‌ಗಳನ್ನು ಕೂರಿಸುವುದು. ತ್ರಿಮುಖ ವಾಲ್ವ್‌ನ ಸ್ಪಿಂಡಲನ್ನು ಒಂದು ಕೊನೆಗೆ ತಿರುಗಿಸಿದರೆ ಮೊದಲನೆಯದು, ಇನ್ನೊಂದು ಕೊನೆಗೆ ತಿರುಗಿಸಿದರೆ ಎರಡನೆಯದು ಪಾತ್ರೆಯೊಡನೆ ಸಂಪರ್ಕ ಹೊಂದುತ್ತದೆ. ಎರಡನ್ನೂ ಏಕಕಾಲದಲ್ಲಿ ಮುಚ್ಚಲು ಅದರ ರಚನೆಯೇ ಅವಕಾಶ ಕೊಡುವುದಿಲ್ಲ. ಸ್ಥಾವರ ನಡೆಯುತ್ತಿರುವಾಗಲೇ ಸೋರುವ ವಾಲ್ವನ್ನು ತೆಗೆದು ಪರೀಕ್ಷೆಗೆ ಕಳುಹಿಸಬಹುದು. ಅಮೆರಿಕದ ಆಶ್ರೇ 15 ಮಾನದಂಡವು 10 ಘನ ಅಡಿ, ಅಂದರೆ ಸುಮಾರು 283 ಲೀಟರ್ ಮತ್ತು ಅದಕ್ಕೂ ಹೆಚ್ಚಿನ ಗಾತ್ರದ ಪಾತ್ರೆಗಳಿಗೆ, ಕೆಲವು ವಿನಾಯಿತಿಗಳೊಂದಿಗೆ, ಈ ಜೋಡಿ ವ್ಯವಸ್ಥೆಯನ್ನೇ ವಿಧಿಸುತ್ತದೆ.

ಖರೀದಿಯ ವೇಳೆ ಗಮನಿಸಬೇಕಾದ ಅಂಶಗಳು:

1. ಎರಡು ವಾಲ್ವ್‌ಗಳಲ್ಲಿ ಪ್ರತಿಯೊಂದೂ ಒಂಟಿಯಾಗಿಯೇ ಪೂರ್ಣ ಪ್ರಮಾಣದ ಅನಿಲವನ್ನು ಹೊರಬಿಡಲು ಶಕ್ತವಾಗಿರಬೇಕು. ಎರಡು ಅರ್ಧಗಳು ಸೇರಿ ಒಂದು ಮೀಸಲು ಆಗುವುದಿಲ್ಲ.

2. ತ್ರಿಮುಖ ವಾಲ್ವ್‌ನ ಬದಲು ಎರಡು ಸಾಮಾನ್ಯ ಸ್ಟಾಪ್ ವಾಲ್ವ್‌ಗಳನ್ನು ಹಾಕಿಸುವುದು ಅಗ್ಗದ ದಾರಿಯಂತೆ ಕಂಡರೂ, ಅವೆರಡನ್ನೂ ಮರೆತು ಮುಚ್ಚುವ ಸಾಧ್ಯತೆಯಿದೆ.

3. ಪ್ರತಿ ವಾಲ್ವ್‌ಗೂ ಒತ್ತಡ ನಿಗದಿಯ ಪರೀಕ್ಷಾ ಪ್ರಮಾಣಪತ್ರ ಇರಬೇಕು, ಮುದ್ರೆ ಒಡೆದಿರಬಾರದು.

4. ತೆಗೆದ ವಾಲ್ವ್ ಪರೀಕ್ಷೆಯಾಗಿ ಮರಳಿ ಕೂರದಿದ್ದರೆ ವ್ಯವಸ್ಥೆ ಮತ್ತೆ ಒಂಟಿ ವಾಲ್ವ್‌ನದೇ ಆಗುತ್ತದೆ. ಕಳುಹಿಸಿದ ಮತ್ತು ಬಂದ ದಿನಾಂಕಗಳಿಗೆ ಒಂದು ರಿಜಿಸ್ಟರ್ ಇಡಬೇಕು.

ಲೆಕ್ಕಪತ್ರದ ದೃಷ್ಟಿ

ಉದಾಹರಣೆಗಾಗಿ, ಎರಡನೆಯ ವಾಲ್ವ್ ಮತ್ತು ತ್ರಿಮುಖ ವಾಲ್ವ್‌ನ ಬೆಲೆ 60,000 ರೂ., ಬಾಳಿಕೆ 10 ವರ್ಷ ಎಂದು ಭಾವಿಸಿದರೆ ವಾರ್ಷಿಕ ಹೊರೆ 6,000 ರೂ. ವರ್ಷಕ್ಕೊಮ್ಮೆ ಸ್ಥಾವರ ನಿಲ್ಲಿಸಿ ಪಾತ್ರೆ ಬರಿದು ಮಾಡಲು ಕೂಲಿ, ಅನಿಲ ನಷ್ಟ, ಮರುಚಾಲನೆ ಸೇರಿ 20,000 ರೂ. ತಗಲುವುದಾದರೆ, ಹೂಡಿದ ಹಣ ಮೂರು ವರ್ಷಗಳಲ್ಲಿ ಮರಳುತ್ತದೆ. ಸರಕು ಕೆಟ್ಟರೆ ಆಗುವ ನಷ್ಟವನ್ನು ಇಲ್ಲಿ ಸೇರಿಸಿಲ್ಲ. ಪ್ರತಿ ಉದ್ಯಮಿಯೂ ತನ್ನ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿ ನೋಡಬಹುದು.

2016ರಲ್ಲಿ ಪರಿಷ್ಕೃತವಾದ ಲೆಕ್ಕಪತ್ರ ಮಾನದಂಡ 10ರ ಪ್ರಕಾರ, ಸ್ಥಿರಾಸ್ತಿಯ ವ್ಯಾಖ್ಯೆಗೆ ಒಳಪಡುವ ಮೀಸಲು ಉಪಕರಣವನ್ನು ದಾಸ್ತಾನಿನಲ್ಲಿ ತೋರಿಸದೆ ಸ್ಥಿರಾಸ್ತಿಯಾಗಿಯೇ ತೋರಿಸಬೇಕು. ಬಳಕೆಗೆ ಸಿದ್ಧವಾದ ದಿನದಿಂದಲೇ ಸವಕಳಿ ಆರಂಭವಾಗುತ್ತದೆ; ವಾಲ್ವ್ ತೆರೆಯುವ ಸಂದರ್ಭ ಬಾರದಿದ್ದರೂ ಇದಕ್ಕೆ ಬಾಧಕವಿಲ್ಲ. ವಾರ್ಷಿಕ ಪರೀಕ್ಷಾ ಶುಲ್ಕ ರಾಜಸ್ವ ವೆಚ್ಚ. ಜಿಎಸ್‌ಟಿ ಮೊತ್ತದ ಮೇಲೂ ಸವಕಳಿ ಪಡೆದರೆ ಆ ಮೊತ್ತಕ್ಕೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ ಎಂಬುದನ್ನು ಮರೆಯಬಾರದು.

ಜೋಡಿ ವಾಲ್ವ್‌ನ ನಿಜವಾದ ಪ್ರಯೋಜನವೆಂದರೆ, ಸರಕನ್ನು ಉಳಿಸಬೇಕೋ ಕಾರ್ಮಿಕರನ್ನು ಉಳಿಸಬೇಕೋ ಎಂಬ ಪ್ರಶ್ನೆ ನಡುರಾತ್ರಿಯಲ್ಲಿ ಆಪರೇಟರನ ಮುಂದೆ ಬಾರದಂತೆ ಅದು ನೋಡಿಕೊಳ್ಳುತ್ತದೆ.